ಮಗಳ ತೋಳಿನ ಸೆನ್ಸರ್, ನನ್ನ ಕಿಸೆಯ ಸೈರನ್

ನಾನು ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹೀಗಾಗಿ ಯಾವುದೇ ಯಂತ್ರ ನನ್ನೆದುರು ಬಂದರೂ ತಾನಾಗಿಯೇ ತಲೆಬಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಯಂತ್ರಗಳಿಗೆ ಮಾತ್ರ ಈ ವಿಷಯ ಇನ್ನೂ ಗೊತ್ತಾಗಿಲ್ಲ.

ನಮ್ಮ ಮಗಳು ರೇಣುಕಾ ಪಿಯುಸಿ ಓದುತ್ತಾಳೆ. ಹೋದ ವರ್ಷ ಆಕೆಗೆ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರಿಗೆ ಬರುವಂಥದ್ದಲ್ಲ, ಹೆಚ್ಚಾಗಿ ಮಕ್ಕಳಿಗೇ ಬರುವ, ದಿನಾಲೂ ಇನ್ಸುಲಿನ್ ಬೇಡುವಂಥದ್ದು. ಈಚೆಗೆ ಡಾಕ್ಟರು ಆಕೆಯ ತೋಳಿಗೆ ನಾಣ್ಯದಷ್ಟಗಲದ ಒಂದು ಸೆನ್ಸರ್ ಅಂಟಿಸಿದರು. ಮೈಯಲ್ಲಿ ಸಕ್ಕರೆ ಎಷ್ಟಿದೆ ಎಂದು ಅದು ಆಕೆಯ ಫೋನಿಗೆ ಹೇಳುತ್ತದೆ. ಆಕೆಯ ಫೋನು ನನ್ನ ಫೋನಿಗೆ ಹೇಳುತ್ತದೆ. ತೀರಾ ಇಳಿದರೂ ಏರಿದರೂ ಗಂಟೆ ಬಾರಿಸುತ್ತದೆ. ಡಾಕ್ಟರು ಇನ್ನೂ ಏನೇನೋ ಹೇಳುತ್ತಿದ್ದರು. ನಾನು ತಕ್ಕ ಗಂಟೆ ಹುಡುಕುವುದರಲ್ಲಿದ್ದೆ. ಸಾದಾ ಗಂಟೆ ಸಾಲದೆಂದು ಆಂಬುಲೆನ್ಸಿನ ಸೈರನ್ ಹಾಕಿದೆ. ಪೂರ್ತಿ ಸೌಂಡು!

"ಅಪ್ಪಾ, ಇಷ್ಟು ಬ್ಯಾಡ" ಅಂದಳು ರೇಣುಕಾ.

"ನೀ ಚಿಂತಿ ಮಾಡಬ್ಯಾಡವ್ವ. ನಾ ಅದೀನಲ್ಲ!"

ನಾನಿರುವುದೇ ಚಿಂತೆಯ ವಿಷಯ ಎಂದು ಆಕೆಗೆ ಆಗಲೇ ತಿಳಿದಿತ್ತು.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಕಾಯಿಲೆಯ ಮೊದಲ ದಿನಗಳಲ್ಲಿ ಒಂದು ಮುಂಜಾನೆ ಸಕ್ಕರೆ ತೀರಾ ಇಳಿದು, ರೊಟ್ಟಿ ಮುರಿಯಲು ಹೋದ ಆಕೆಯ ಕೈ ನಡುಗಿತು. ಹಣೆಯೆಲ್ಲ ಬೆವರು. ನಾನು ಯಾರೋ ಎಂಬಂತೆ ನನ್ನನ್ನು ನೋಡಿದಳು. ಆ ನೋಟ ಇನ್ನೂ ಕಣ್ಣಿಂದ ಹೋಗಿಲ್ಲ. ಅಂದಿನಿಂದ ಪಾಠ ಮಾಡುವಾಗಲೂ ನಾನು ಮಕ್ಕಳಿಗಿಂತ ಫೋನನ್ನೇ ಹೆಚ್ಚು ನೋಡುತ್ತೇನೆ.

ಆ ದಿನ ಯಾದಗಿರಿಯಲ್ಲಿ ಮಾಸ್ತರರಿಗೆ ತರಬೇತಿ. ಊಟದ ನಂತರ ಸಾಹೇಬರು 'ಶಿಕ್ಷಕನಿಗೆ ಶಾಂತ ಮನಸ್ಸು' ಎಂಬ ವಿಷಯ ಕುರಿತು ಮಾತಾಡುತ್ತಿದ್ದರು. ಆಗ ನನ್ನ ಕಿಸೆಯಿಂದ ಆಂಬುಲೆನ್ಸ್ ಹೊರಟಿತು!

ಸಾಹೇಬರು ಮಾತು ನುಂಗಿದರು. ಹಿಂದಿನ ಸಾಲಿನವರು ದಾರಿ ಬಿಟ್ಟು ನಿಂತರು. ಫೋನು ನೋಡಿದೆ. ಐವತ್ತೆರಡು! ಎಪ್ಪತ್ತಕ್ಕಿಂತ ಕೆಳಗಿಳಿಯಬಾರದು. ಹೊರಗೆ ಓಡಿ ರೇಣುಕಾಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಹೆಂಡತಿ ಶಾಂತಾ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಆಕೆಯ ಫೋನೂ ಮನೆಯಲ್ಲೇ ಬಡಕೊಂಡಿತು. ಕೊನೆಗೆ ಪಕ್ಕದ ಮನೆಯ ಮಹಾದೇವಕ್ಕ ಸಿಕ್ಕಳು.

"ಮಹಾದೇವಕ್ಕಾ, ಓಡ್ರಿ! ರೇಣುಕಾಗ ಶುಗರ್ ಇಳದದ. ಏನರ ಸಿಹಿ ಕುಡಸ್ರಿ!"

"ಎಷ್ಟು ಕುಡಸ್ಲಿ?"

"ಎಷ್ಟದನೋ ಅಷ್ಟೂ!"

ಅಳತೆಯ ಮಹತ್ವ ಕುರಿತು ಪ್ರತಿ ವರ್ಷ ಮೊದಲ ಪಾಠ ಮಾಡುವ ಮಾಸ್ತರನ ಬಾಯಿಂದ ಬಂದ ಮಾತಿದು!

ಸಿಕ್ಕ ಬಸ್ಸು ಹತ್ತಿದೆ. ಸೀಟು ಖಾಲಿ ಇದ್ದರೂ ಕೂಡಲಾಗಲಿಲ್ಲ. ದಾರಿಯಲ್ಲಿ ಮಹಾದೇವಕ್ಕನೂ ಫೋನ್ ಎತ್ತಲೊಲ್ಲಳು. ಹಾಳಾದ್ದೆಲ್ಲ ತಲೆಗೆ ಬಂತು. ಅರ್ಧ ದಾರಿಯಲ್ಲಿ ಮತ್ತೆ ಸೈರನ್!

ಡ್ರೈವರ್ ಗಡಬಡಿಸಿ ಬಸ್ಸನ್ನು ಪಕ್ಕಕ್ಕೆ ತಗೊಂಡು ನಿಲ್ಲಿಸಿದ. ಕಂಡಕ್ಟರ್ ಹಿಂದೆ ಇಣುಕಿದ. ರಸ್ತೆ ಖಾಲಿ!

"ಆಂಬುಲೆನ್ಸ್ ಎಲ್ಲದ?"

"ನಂದರಿ" ಅಂದೆ.

ಇಡೀ ಬಸ್ಸು ನನ್ನ ಕಡೆ ತಿರುಗಿತು. ಫೋನಿನಲ್ಲಿ ಈಗ ಇನ್ನೂರ ತೊಂಬತ್ತು! ಈ ಸಲ ಮಹಾದೇವಕ್ಕ ಸಿಕ್ಕಳು.

"ಅಕ್ಕಾ, ಶುಗರ್ ಏರ್ಯದ! ಇಳಿಯೋತನಕ ಆಕಿನ್ನ ಓಡಸ್ರಿ!"

"ಏನ್ ಮಾಸ್ತರ, ಆಗ ಕುಡಸ್ರಿ ಅಂದ್ರಿ, ಈಗ ಓಡಸ್ರಿ ಅಂತೀರಿ. ಆಕಿ ನಿಮ್ಮ ಮಗಳೋ, ಬಾಡಿಗಿ ಎತ್ತೋ?"

ಫೋನು ರೇಣುಕಾಳ ಕೈಗೆ ಹೋಯಿತು. "ಅಪ್ಪಾ, ನಾ ಆರಾಮ ಅದೀನಿ. ನೀ ಮೊದಲು ಕೂಡು."

"ನಾ ನಿಂತೀನಂತ ನಿನಗ ಹ್ಯಾಂಗ ಗೊತ್ತು?"

"ನಿನ್ನ ದನಿನೇ ತುದಿಗಾಲ ಮ್ಯಾಲೆ ನಿಂತದ."

ಮನೆ ಮುಟ್ಟಿದಾಗ ಅಂಗಳದ ತುಂಬ ಓಣಿಯ ಹೆಂಗಸರು. ನಡುವೆ ರೇಣುಕಾ, ಕುತ್ತಿಗೆಯಿಂದ ಸೊಂಟದವರೆಗೆ ಶರಬತ್ತಿನ ಕಲೆ. ಬೆರಳು ಚುಚ್ಚಿ ನೋಡಿ, ಡಾಕ್ಟರು ಹೇಳಿದ್ದ ಲೆಕ್ಕದಂತೆ ಇನ್ಸುಲಿನ್ ತಗೊಂಡು ತಣ್ಣಗೆ ಕೂತಿದ್ದಳು.

"ಫೋನ್ ಪಡಸಾಲ್ಯಾಗ ಚಾರ್ಜಿಗಿಟ್ಟು ಒಳಗ ಮಕ್ಕೊಂಡಿದ್ದೆ" ಅಂದಳು. "ಸೆನ್ಸರ್ ಇದ್ದ ತೋಳಿನ ಮ್ಯಾಲೇ. ಅದು ಮೈ ಕೆಳಗ ಒತ್ತಿದ್ರ ಕೆಲವೊಮ್ಮಿ ಸುಳ್ಳೇ ಕಡಿಮಿ ತೋರಸ್ತದ, ಬೆರಳು ಚುಚ್ಚಿ ನೋಡ್ರಿ ಅಂತ ಡಾಕ್ಟರ್ ಹೇಳಿರಲಿಲ್ಲೇನು?"

ಹೇಳಿದ್ದರು. ನಾನಾಗ ಸೈರನ್ ಹುಡುಕುತ್ತಿದ್ದೆ.

"ನೀ ಇವರಿಗೆ ಬ್ಯಾಡ ಅನ್ನಬೇಕಿಲ್ಲ?"

"ಬ್ಯಾಡ ಅನ್ನಾಕ ಬಾಯಿ ತೆರದ್ರ ಶರಬತ್ತು ಹಾಕಾಕತ್ತಿದ್ರು!"

ಹೆಂಗಸರು ನಕ್ಕರು. ನಗಲು ನಾನೂ ಬಾಯಿ ತೆರೆದೆ, ಅಳು ಬಂತು. ಹೋಗಿ ಕಟ್ಟೆಯ ಮೇಲೆ ಕೂತೆ. ರೇಣುಕಾ ಬಂದು ಪಕ್ಕದಲ್ಲಿ ಕೂತಳು.

"ಗಂಟಿ ಹೊಡೀತಂದ್ರ ನೀ ಓಣಿ ಎಬ್ಬಸ್ತೀ, ನನ್ನ ಒಂದು ಮಾತು ಕೇಳಂಗಿಲ್ಲ. ರೋಗ ನಂದು ಅಪ್ಪಾ. ನೋಡ್ಕೊಳ್ಳೋದು ನನಗೂ ಕಲಿಯಾಕ ಬಿಡು. ನಾ ಫೋನ್ ದೂರ ಬಿಟ್ಟು ಮಲಗಂಗಿಲ್ಲ. ನೀ ನನ್ನ ಕೇಳದ ಶರಬತ್ತು ಕಳಸಂಗಿಲ್ಲ."

ಒಪ್ಪಿದೆ. ಒಪ್ಪದೆ ಗತಿ ಇರಲಿಲ್ಲ. ನನ್ನ ಫೋನು ಆಕೆಯ ಕೈಯಲ್ಲಿತ್ತು, ಅದರೊಳಗಿನ ಸೈರನ್ ಆಗಲೇ ಹೋಗಿತ್ತು.

ಮುಂದಿನ ಸಲ ದವಾಖಾನೆಗೆ ಹೋದಾಗ ಗುರುಮಠಕಲ್ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಆಕೆಗೂ ಹೊಸದಾಗಿ ಸೆನ್ಸರ್. ಹೆದರಿ ತೋಳು ಹಿಡಕೊಂಡು ಕೂತಿದ್ದ ಆಕೆಗೆ ರೇಣುಕಾ ತನ್ನದನ್ನು ತೋರಿಸಿ, ಸ್ನಾನ ಹೇಗೆ, ನಿದ್ದೆ ಹೇಗೆ ಎಂದೆಲ್ಲ ಹೇಳಿಕೊಟ್ಟಳು. ಹುಡುಗಿಯ ಅಪ್ಪ ಫೋನನ್ನು ಎದೆಗವಚಿಕೊಂಡು ಬೆವರುತ್ತಿದ್ದ. ನನಗೆ ಪಾಪ ಅನಿಸಿತು. ಹತ್ತಿರ ಸರಿದು, ಗಾಬರಿಯಾಗಬಾರದು, ಧೈರ್ಯ ಬೇಕು ಎಂದು ಒಂದು ಪೀರಿಯಡ್ಡಿನಷ್ಟು ಉಪದೇಶ ಮಾಡಿದೆ.

ಆತ ಭಕ್ತಿಯಿಂದ ಕೇಳಿ, "ನಿಮಗ ಎಷ್ಟು ದಿನದಿಂದ ಅದರಿ ಶುಗರ್?" ಅಂದ.

"ನನಗಿಲ್ರಿ..."

ನಾನು ಮುಗಿಸುವುದರೊಳಗೆ ರೇಣುಕಾ ತಿರುಗಿ ನೋಡಿದಳು. "ಅಪ್ಪಗ ಶುಗರ್ ಇಲ್ರಿ, ಫೋನ್ ಅದ. ಈಗೀಗ ಸ್ವಲ್ಪ ಕಂಟ್ರೋಲಿಗೆ ಬಂದದ!"