ಬಸ್‌ಸ್ಟಾಪಿನಲ್ಲಿ ವೆಳ್ಳೈಯಮ್ಮಾಳ್

ಮುತ್ತುಸೆಲ್ವಿ ಜಗಲಿಯ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಅಜ್ಜಿ ವೆಳ್ಳೈಯಮ್ಮಾಳ್ ಅದರಲ್ಲಿ ಉಳಿದ ಕಡ್ಡಿ ಆರಿಸುತ್ತಿದ್ದಳು. ಆಗಲೇ ಮನೆಮುಂದೆ ವ್ಯಾನೊಂದು ನಿಂತಿತು. ತೇವಾರಂ ಊರಲ್ಲಿರುವ ಅಜ್ಜಿಯ ತಂಗಿ ಕಾಳಿಯಮ್ಮಾಳ್ ಆಳುದ್ದದ ಹೂಮಾಲೆ ಹಿಡಿದು, ಎದೆ ಬಡಿದುಕೊಳ್ಳುತ್ತ ಇಳಿದಳು.

“ಅಯ್ಯೋ ನಮ್ಮಕ್ಕಾ! ಒಂದು ಮಾತು ಹೇಳ್ದೆ ಹೋಗ್ಬಿಟ್ಯಲ್ಲೇ!”

“ಎಲ್ಲಿಗೆ ಹೋದೆನೇ? ಇಲ್ಲೇ ಇವ್ನಿ,” ಎಂದಳು ಅಜ್ಜಿ.

ಕರೆಂಟು ಹೋದ ಮೈಕಿನಂತೆ ಕಾಳಿಯಮ್ಮಾಳಿನ ಅಳು ಅರ್ಧಕ್ಕೇ ನಿಂತಿತು. “ಮತ್ತೆ ಬಸ್‌ಸ್ಟಾಪ್‌ನಾಗೆ ಅಷ್ಟು ದೊಡ್ಡ ಫ್ಲೆಕ್ಸ್ ಕಟ್ಟವ್ರೆ! ಬಸ್ಸಿನಾಗೆ ಹೋಗ್ತಿದ್ದೋರು ಫೋನಿಗೆ ಕಳ್ಸವ್ರೆ!”

ಪಕ್ಕದ ಮನೆಯ ಕಣ್ಣಮ್ಮಾಳ್ ಗೋಡೆಯಾಚೆಯಿಂದ ತಲೆ ಎತ್ತಿದಳು. “ಹೆಣ ಎತ್ತೋದು ಯಾವಾಗಂತೆ? ನಾ ಆಗ್ಲೇ ನಲವತ್ತು ಜನಕ್ಕೆ ಟೀಗೆ ಇಟ್ಬಿಟ್ಟೆ!”

ಮುತ್ತುಸೆಲ್ವಿ ಸೊಪ್ಪು ಬಿಟ್ಟು ಓಡಿದಳು.

ಅವರ ಊರು ಮಾರ್ಕಯನ್‌ಕೋಟ್ಟೈಯ ಕಡೆ ಮದುವೆ ಫ್ಲೆಕ್ಸ್ ಎಂದರೆ ನಲವತ್ತು ಮುಖ, ಕಿವಿ ಚುಚ್ಚುವುದೆಂದರೆ ಅರವತ್ತು. ಒಂದೇ ಒಂದು ಮುದಿ ಮುಖವಿದ್ದರೆ ಅದಕ್ಕೆ ಒಂದೇ ಅರ್ಥ. ಬಸ್‌ಸ್ಟಾಪಿನಲ್ಲಿ ಅಜ್ಜಿಯ ಮುಖ ಆಳೆತ್ತರಕ್ಕೆ ನಗುತ್ತಿತ್ತು. ಮೇಲೆ ‘ನಮ್ಮ ಬೇರಿಗೆ ವಂದನೆ’ ಎಂದು ದೊಡ್ಡಕ್ಷರ. ಕೆಳಗೆ ಇರುವೆ ಸಾಲಿನಂತೆ ‘ಸಂಘದ ಫೋಟೋ ಸ್ಪರ್ಧೆ, ಪ್ರಥಮ ಬಹುಮಾನ’. ಯಾರೋ ಪುಣ್ಯಾತ್ಮರು ಆಗಲೇ ಊದುಬತ್ತಿ ಹಚ್ಚಿದ್ದರು.

ಅದು ಅಜ್ಜಿ ರಾಗಿ ತೂರುವಾಗ ಮುತ್ತುಸೆಲ್ವಿ ತೆಗೆದು ಊರ ಸಂಘದ ಸ್ಪರ್ಧೆಗೆ ಕಳಿಸಿದ್ದ ಫೋಟೋ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಅವಳ ಹೆಸರು ಅದುವರೆಗೆ ಅಚ್ಚಾಗಿದ್ದುದು ರೇಷನ್ ಕಾರ್ಡಿನಲ್ಲಿ ಮಾತ್ರ. ಇಲ್ಲಾದರೂ ಇದೆಯೇ ಎಂದು ನಾಲ್ಕು ಮೂಲೆಯನ್ನೂ ಹುಡುಕಿದಳು. ಇರಲಿಲ್ಲ.

ಸಂಘದ ಕಾರ್ಯದರ್ಶಿ ವಸಂತಕುಮಾರ್ ಬೈಕಿಗೆ ಒರಗಿ ಫ್ಲೆಕ್ಸನ್ನೇ ಮೆಚ್ಚುತ್ತ ನಿಂತಿದ್ದರು.

“ಅಣ್ಣಾ, ಇದು ನಾ ತೆಗ್ದ ಫೋಟೋ.”

“ಹೌದಮ್ಮಾ, ಫಸ್ಟ್ ಪ್ರೈಜ್! ಸಂತೋಷಪಡು.”

“ನನ್ ಹೆಸ್ರಿಲ್ವಲ್ಲ?”

“ನಿಯಮ ಓದಿಲ್ವಾ? ಕಳ್ಸಿದ್ಮೇಲೆ ಫೋಟೋ ಸಂಘದ್ದು.”

“ಹೊಟ್ಟು ಹಾರೋದನ್ನ ಯಾಕೆ ಕತ್ರಿಸಿದ್ರಿ? ನಾ ತೆಗ್ದಿದ್ದೇ ಅದನ್ನ.”

“ಧೂಳಲ್ವಾ ಅದು? ಒರ್ಸಿಬಿಟ್ಟೆ.”

ಅಷ್ಟರಲ್ಲಿ ಅರ್ಧ ಊರು ಸೇರಿತ್ತು. ನಾಲ್ಕು ಜನರೆದುರು ಬಾಯಿ ಬಿಡದ ಮುತ್ತುಸೆಲ್ವಿಗೆ ಎಲ್ಲಿಂದ ಬಂತೋ ದನಿ! “ಕೇಳ್ದೆ ಹಾಕಿದ್ರಿ, ಹೆಸ್ರಿಲ್ದೆ ಹಾಕಿದ್ರಿ, ಜೀವ ಇರೋರನ್ನ ಸಾಯ್ಸಿದ್ರಿ. ಒಂದನ್ನಾದ್ರೂ ಸರಿ ಮಾಡ್ರಿ!”

ವಸಂತಕುಮಾರ್ ಬಗ್ಗಲಿಲ್ಲ. ಬಗ್ಗಿಸಿದ್ದು ಹಿಂದೆಯೇ ಬಂದಿದ್ದ ಕಾಳಿಯಮ್ಮಾಳ್. ಹೂಮಾಲೆಯನ್ನು ಎರಡು ಕೈಯಲ್ಲಿ ಅಗಲಿಸಿ ಹತ್ತಿರ ಬಂದು, “ತಂದ ಮಾಲೆ ವಾಪಸ್ ತಕ್ಕೊಂಡು ಹೋಗಂಗಿಲ್ಲ ತಂಬಿ. ಯಾರ್ಗಾದ್ರೂ ಹಾಕ್ಲೇಬೇಕು. ತಲೆ ಬಗ್ಸು,” ಎಂದಳು.

ಅವರು ಬೈಕಿನ ಹಿಂದಕ್ಕೆ ಜಿಗಿದರು. ಅಲ್ಲಿಂದಲೇ ಸಂಘದ ವಾಟ್ಸಾಪಿನಲ್ಲಿ ಹೊಸ ನಿಯಮ ಬರೆದರು: ಫೋಟೋ ತೆಗೆದವರದೇ. ಕೇಳದೆ ಬಳಸಬಾರದು, ಕತ್ತರಿಸಬಾರದು. ತೆಗೆದವರ ಹೆಸರು ದೊಡ್ಡದಾಗಿ ಹಾಕಬೇಕು. ಸಂಜೆಗೇ ಹೊಸ ಫ್ಲೆಕ್ಸ್ ಎಂದು ಮಾತೂ ಕೊಟ್ಟರು.

ಮುತ್ತುಸೆಲ್ವಿಯ ಎದೆಯಿಂದ ಮೂಟೆ ಇಳಿದಂತಾಯಿತು. ಆಗ ನಿಧಾನಕ್ಕೆ ನಡೆದುಬಂದ ಅಜ್ಜಿ ಫ್ಲೆಕ್ಸ್ ನೋಡಿ ನಿಂತಳು.

“ಥೂ! ಹರ್ಕಲು ಸೀರೆ, ಕಿವಿನಾಗೆ ಓಲೆ ಇಲ್ಲ, ಬಾಯ್ನಾಗೆ ಹಲ್ಲಿಲ್ಲ. ಮೊಕ ನಂದು ತಾನೇ? ನನ್ನ ಕೇಳಿದ್ಯಾ ನೀನು?”

ಮುತ್ತುಸೆಲ್ವಿ ಕೇಳಿರಲಿಲ್ಲ.

ಒಳ್ಳೇ ಫೋಟೋ ತೆಗೆಸ್ಕೊಂಡು ಬರ್ತೀನಿ ಎಂದು ಅಜ್ಜಿ ತಂಗಿಯ ಜೊತೆ ಅದೇ ವ್ಯಾನಿನಲ್ಲಿ ಚಿನ್ನಮನೂರು ಪೇಟೆಗೆ ಹೊರಟಳು.

ಸಂಜೆ ಹೊಸ ಫ್ಲೆಕ್ಸ್ ಮೇಲೇರಿತು. ಪಟ್ಟೆಸೀರೆಯಲ್ಲಿ ಅಜ್ಜಿ, ಬಾಯಿ ಬಿಗಿದು, ಬಣ್ಣದ ಜಲಪಾತದ ಮುಂದೆ ನಿಂತಿದ್ದಳು. ಸತ್ತವಳೆಂದು ಯಾರೂ ತಿಳಿಯದಿರಲೆಂದು ಕಿವಿಗೆ ಮೊಬೈಲು ಬೇರೆ. ಹೋದ ಜೀವ ಬಂತು ಎಂದು ಊರೆಲ್ಲ ನಕ್ಕಿತು. ಕಣ್ಣಮ್ಮಾಳ್ ತನ್ನ ನಲವತ್ತು ಟೀಯನ್ನು ಬಿಸಿ ಮಾಡಿ ತಂದು ಹಂಚಿದಳು. ಮುತ್ತುಸೆಲ್ವಿಯೂ ಒಂದು ಲೋಟ ಹಿಡಿದು ಓದಿದಳು.

‘ಪ್ರಥಮ ಬಹುಮಾನ’ ಎಂಬುದು ಹಾಗೇ ಇತ್ತು. ವಸಂತಕುಮಾರ್ ಹೊಸ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಅದರ ಕೆಳಗೆ ಮೊಳದುದ್ದದ ಅಕ್ಷರ: ‘ಫೋಟೋ: ತಮಿಳರಸಿ ಸ್ಟುಡಿಯೋ, ಚಿನ್ನಮನೂರು’.

ಜನ ಪೇಟೆಯಿಂದ ಮರಳಿದ ಅಜ್ಜಿಯನ್ನು ನಡುವೆ ನಿಲ್ಲಿಸಿಕೊಂಡು ಸೆಲ್ಫಿಗೆ ಮುಗಿಬೀಳುತ್ತಿದ್ದರು. ಕಾರ್ಯದರ್ಶಿ ಎಲ್ಲರಿಗಿಂತ ಮುಂದಿದ್ದರು.

“ಅಣ್ಣಾ,” ಎಂದಳು ಮುತ್ತುಸೆಲ್ವಿ, “ನನ್ ಮೊಕದ ಫೋಟೋನೂ ಒಂದು ಮೂಲೆನಾಗೆ ಹಾಕ್ರಿ. ಅದ್ಕೆ ಯಾರ್ನೂ ಕೇಳ್ಬೇಕಾಗಿಲ್ಲ.”