ಅರವತ್ತೈದು ಇಂಚಿನ ಅಪ್ಪಟ ಕಪ್ಪು

“ಈ ಸಲ ಟಿವಿ ಆರಿಸೋದು ನಾನು! ಯಾರೂ ಮಧ್ಯೆ ಬಾಯಿ ಹಾಕಬಾರದು!” ಎಂದು ಊಟದ ನಡುವೆ ಘೋಷಿಸಿಯೇಬಿಟ್ಟೆ.

“ಸೋಫಾ ಆರಿಸಿದ್ದೂ ನೀವೇ ತಾನೆ?” ಎಂದಳು ನನ್ನವಳು ಲತಾ, ಸಾರು ಬಡಿಸುತ್ತಾ.

ಆ ಸೋಫಾದ ವಿಷಯ ಕೇಳಬೇಡಿ. ಅದರಲ್ಲಿ ಕೂತವರನ್ನು ಎಬ್ಬಿಸಲು ಇಬ್ಬರು ಬೇಕು. ಅದು ಬಂದ ಮೇಲೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಸೊಪ್ಪು ಆರಿಸುವ ಅಧಿಕಾರವೂ ನನ್ನ ಕೈತಪ್ಪಿತ್ತು. ಹೋದ ಮಾನವನ್ನು ಈ ಟಿವಿಯಿಂದಲೇ ಮರಳಿ ಪಡೆಯಬೇಕಿತ್ತು.

ಹದಿನೈದು ದಿನ ತಪಸ್ಸು ಮಾಡಿದೆ! ಫೋನಿನಲ್ಲಿ ನೋಡದ ವಿಡಿಯೊ ಇಲ್ಲ. ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿಗಳಲ್ಲಿ ಪರದೆಯ ಹಿಂದೆ ದೀಪ ಉರಿಯುತ್ತದೆ. ಓಎಲ್‌ಇಡಿಯಲ್ಲೋ, ಒಂದೊಂದು ಚುಕ್ಕಿಯೂ ತಾನೇ ಹೊತ್ತಿ ತಾನೇ ಆರುತ್ತದೆ. ಆರಿತೆಂದರೆ ಕಪ್ಪು, ಅಪ್ಪಟ ಕಪ್ಪು! ಈ ಜ್ಞಾನವನ್ನು ಹಾಲು ಹಾಕುವವನಿಗೂ ಧಾರೆ ಎರೆದೆ. ಮರುದಿನದಿಂದ ಆತ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡತೊಡಗಿದ.

ರಾಜಾಜಿನಗರದ ಶೋರೂಮಿನಲ್ಲಿ ಸೇಲ್ಸ್‌ಮನ್ ಸಂಪತ್ ಬಾಯಿ ತೆರೆಯುವ ಮೊದಲೇ ಅವನಿಗೇ ಪಾಠ ಶುರು ಮಾಡಿದೆ. ಲತಾ ಮಾತ್ರ ಪರದೆಯನ್ನು ಎರಡು ನಿಮಿಷ ದಿಟ್ಟಿಸಿ, “ಇದನ್ನ ಸ್ವಲ್ಪ ಬಾಗಿಲ ಹತ್ರ ತಂದು ತೋರಿಸ್ತೀರಾ?” ಎಂದಳು.

“ಯಾಕೆ ಆಂಟಿ?”

“ಸೀರೆ ಅಂಗಡೀಲೂ ಹೊರಗಿನ ಬೆಳಕಿಗೆ ಹಿಡಿದೇ ಬಣ್ಣ ನೋಡೋದಪ್ಪ. ಒಳಗಿನ ಲೈಟಲ್ಲಿ ಎಲ್ಲಾನೂ ಚೆನ್ನಾಗೇ ಕಾಣುತ್ತೆ. ನಮ್ಮ ಹಾಲ್‌ಗೆ ಸಾಯಂಕಾಲ ನೇರ ಬಿಸಿಲು ಹೊಡೆಯುತ್ತೆ.”

ನಾಚಿಕೆ ತಡೆಯಲಾರದೆ ಪಕ್ಕದಲ್ಲಿದ್ದ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿದೆ. ಸಂಪತ್ ಮಾತ್ರ ನಗಲಿಲ್ಲ.

“ಆಂಟಿ ಹೇಳೋದು ಕರೆಕ್ಟು ಸಾರ್. ಬಿಸಿಲು ಬೀಳೋ ಹಾಲ್ ಅಂದ್ರೆ ಮಿನಿ ಎಲ್‌ಇಡಿ ತಗೊಳ್ಳಿ. ಬ್ರೈಟ್‌ನೆಸ್ ಜಾಸ್ತಿ.”

“ಕಪ್ಪು ಅಂದ್ರೆ ಏನು ಗೊತ್ತೇನ್ರೀ ನಿಮಗೆ?” ಎಂದು ಗುಡುಗಿ, ಓಎಲ್‌ಇಡಿಗೇ ಕಾರ್ಡು ಉಜ್ಜಿದೆ.

ಭಾನುವಾರ ಟಿವಿಯ ಗೃಹಪ್ರವೇಶ! ನನ್ನ ಪ್ರತಾಪ ನೋಡಲೆಂದೇ ಭಾವಮೈದ ಭೈರೇಶನನ್ನು ಬಾಡೂಟಕ್ಕೆ ಕರೆದಿದ್ದೆ. ಉಂಡು ತೇಗಿ ಎಲ್ಲರೂ ಟಿವಿಯ ಮುಂದೆ ಕೂತಾಗ ಗಂಟೆ ನಾಲ್ಕು. ಅಮಾವಾಸ್ಯೆಯ ಕಾಡಿನ ವಿಡಿಯೊ ಹಾಕಿ, “ನೋಡ್ಕೊಳ್ಳಿ ಕಪ್ಪು!” ಎಂದೆ. ಅದೇ ಹೊತ್ತಿಗೆ ಸೂರ್ಯನಾರಾಯಣನೂ ನೋಡಲು ಕಿಟಕಿಯಿಂದ ಒಳಗೆ ಬಂದ. ಕಾಡೂ ಇಲ್ಲ, ಕಪ್ಪೂ ಇಲ್ಲ! ಭೈರೇಶ್ ಪರದೆಯತ್ತ ಬಾಯಿ ತೆರೆದು ಹಲ್ಲುಸಂದಿಯ ಚೂರು ಹುಡುಕತೊಡಗಿದ.

“ಸೂಪರ್ ಭಾವ, ದವಡೆ ಹಲ್ಲೂ ಕಾಣ್ತಿದೆ!”

ಕಿಟಕಿಯ ಕರ್ಟನ್ ಎಳೆದೆ. ಸಾಲಲಿಲ್ಲ. ಅಟ್ಟದಿಂದ ಕಂಬಳಿ ಇಳಿಸಿ ಕಿಟಕಿಗೆ ಹೊದಿಸಿದೆ. ಕಾಡು ಕಂಡಿತು! ಜೊತೆಗೆ ಎಲ್ಲರಿಗೂ ಬೆವರು ಕಿತ್ತುಕೊಂಡು ಬಂತು. “ಉಸಿರು ಕಟ್ತಾ ಐತೆ, ತೆಗಿಯೋ ಅದನ್ನ!” ಎಂದು ನನ್ನ ತಾಯಿ ಹನುಮಕ್ಕ ಕೂಗಿಕೊಂಡಾಗ ಕಂಬಳಿ ತೆಗೆಯಲೇಬೇಕಾಯಿತು. ಹೋಯ್ತು ನನ್ನ ಮಾನ ಎಂದುಕೊಂಡು ಅವರೆಲ್ಲರ ನಡುವೆ ಹೋಗಿ ಕುಕ್ಕರಿಸಿದೆ.

ಅಮ್ಮನ ಕನ್ನಡಕ ಒಳಗಿನ ಕೋಣೆಯಲ್ಲಿತ್ತು. ಅವರು ಕಣ್ಣು ಕಿರಿದು ಮಾಡಿ ಪರದೆಯನ್ನೇ ನೋಡುತ್ತಾ, “ಎಷ್ಟು ಚೆಂದಾಗಿ ಬರ್ತೈತಲ್ಲೋ ಮಗ!” ಎಂದರು.

ಹೋದ ಜೀವ ಬಂದಂತಾಯಿತು! “ಕೇಳಿದ್ಯೇನೇ ಲತಾ? ಅಮ್ಮಂಗೂ ಗೊತ್ತಾಯ್ತು ನನ್ನ ಸೆಲೆಕ್ಷನ್ನು!”

“ಸಂಸಾರದ ಕಥೆ ಇದ್ದಂಗೈತೆ,” ಅಮ್ಮ ಮುಂದುವರಿಸಿದರು. “ಎಲ್ರೂ ನಗ್ತಾವ್ರೆ. ನಡುವೆ ಬೋಳುತಲೆಯವನೊಬ್ಬ ಪೆಚ್ಚುಮೋರೆ ಹಾಕ್ಕೊಂಡು ಕುಂತವ್ನಲ್ಲ, ಪಾಪ, ಯಾರವ್ನು?”

ಲತಾ ಎಲೆಅಡಿಕೆ ತಟ್ಟೆಯನ್ನು ಅತ್ತೆಯ ಮುಂದೆ ಇಡುತ್ತಾ ಶಾಂತವಾಗಿ ಹೇಳಿದಳು:

“ಅವರೇ ಅತ್ತೆ, ಟಿವಿ ಆರಿಸಿದೋರು.”