ಹೆಲೆನಮ್ಮನ ಸೋಲಿಗೆ ಹೇಳಿಕೊಂಡ ಹರಕೆ

ಓಟು ಹಾಕುವ ಭಾಗ್ಯ ಇಲ್ಲದವನಿಗೆ ಇರುವಷ್ಟು ರಾಜಕೀಯ ಜ್ಞಾನ ಓಟು ಹಾಕುವವರಿಗೆ ಇರುವುದಿಲ್ಲ. ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ದೋಹಾಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಇಲ್ಲಿ ನನಗೆ ಓಟಿಲ್ಲ, ಇರಬೇಕೆಂದೂ ಇಲ್ಲ. ಊರಿನ ಪಟ್ಟಿಯಲ್ಲಿ ಹೆಸರು ಉಂಟಂತೆ, ಆದರೆ ಚುನಾವಣೆ ಬಂದಾಗ ರಜೆ ಸಿಗುವುದಿಲ್ಲ, ರಜೆ ಸಿಕ್ಕಿದಾಗ ಚುನಾವಣೆ ಬರುವುದಿಲ್ಲ. ಹಾಗಿದ್ದರೂ ನಜ್ಮಾ ಏರಿಯಾದಲ್ಲಿ ನನ್ನ ರೂಮಿನ ಕೆಳಗಿರುವ ಕೆಫೆಟೇರಿಯಾದಲ್ಲಿ ಒಂದು ಕರಕ್ ಚಹಾ ಮುಂದಿಟ್ಟುಕೊಂಡು ಕೂತೆನೆಂದರೆ ಯಾವ ಕ್ಷೇತ್ರದಲ್ಲಿ ಯಾರು ಬರುತ್ತಾರೆ, ಯಾರ ಠೇವಣಿ ಹೋಗುತ್ತದೆ ಎಂದು ಗಂಟೆಗಟ್ಟಲೆ ಹೇಳಬಲ್ಲೆ. ಈವರೆಗೆ ಒಂದೂ ಸರಿಯಾಗಿಲ್ಲ ಎನ್ನುವುದು ಬೇರೆ ವಿಷಯ. ಆ ಕೆಫೆಟೇರಿಯಾದ ಇಸ್ಮಾಯಿಲ್ ಬ್ಯಾರಿಗಳು ಉಪ್ಪಿನಂಗಡಿ ಕಡೆಯವರು. ನಾನು ಗೆಲ್ಲುತ್ತಾನೆ ಎಂದವನು ಸೋಲುವುದು ಖಂಡಿತ ಎಂದು ಅವರು ಊರಿಗೆ ಫೋನ್ ಮಾಡಿ ಮೊದಲೇ ತಿಳಿಸುತ್ತಾರಂತೆ.

ಮುಶೈರಿಬ್‌ನ ಒಂದು ಕಟ್ಟಡ ಕಂಪೆನಿಯ ಆಫೀಸಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಡಾಕ್ಯುಮೆಂಟು ಬಿಟ್ಟು ಬೇರೆ ಯಾವುದೂ ನನ್ನ ಕಂಟ್ರೋಲಿನಲ್ಲಿ ಇಲ್ಲ. ಹೆಂಡತಿ ಪ್ರಮೀಳಾ ಮಗಳ ಪಿಯುಸಿಗೆಂದು ಊರಿಗೆ ಹೋದವಳು, ಪಿಯುಸಿ ಮುಗಿದು, ಮಗಳು ಮಂಗಳೂರಿನ ಹಾಸ್ಟೆಲ್ ಸೇರಿ ನರ್ಸಿಂಗ್ ಓದುತ್ತಿದ್ದರೂ ವಾಪಸು ಬಂದಿಲ್ಲ. ಕೇಳಿದಾಗಲೆಲ್ಲ ಬರ್ತೇನೆ ಅನ್ನುತ್ತಾಳೆ. ಮೊದಲು ಮನೆಯ ಸಾರಣೆ ಮುಗಿಯಲಿ ಅಂದಳು, ಆಮೇಲೆ ಸ್ವಸಹಾಯ ಸಂಘದವರು ಅಧ್ಯಕ್ಷೆ ಮಾಡಿದ್ದಾರೆ, ಅರ್ಧದಲ್ಲಿ ಬಿಟ್ಟು ಬಂದರೆ ಚಂದ ಅಲ್ಲ ಅಂದಳು. ಅದೂ ಸರಿಯೇ. ಹಾಗಾಗಿ ನಾನು ಒಂದು ಕುಕ್ಕರು, ಎರಡು ತಟ್ಟೆಗಳ ಸಂಸಾರ ನಡೆಸುತ್ತಿದ್ದೇನೆ. ಎರಡನೇ ತಟ್ಟೆ ಯಾಕೆ ಎಂದು ಕೇಳಬೇಡಿ, ಒಂದೇ ತಟ್ಟೆ ಇದ್ದರೆ ನೋಡಲು ಬೇಜಾರಾಗುತ್ತದೆ.

ಮಧ್ಯಾಹ್ನದ ಊಟಕ್ಕೆ ಆಫೀಸಿನಲ್ಲಿ ನನ್ನ ಜೊತೆ ಕೂರುವವರು ಮಿಸ್ಟರ್ ಜೆಫ್ರಿ. ಅರುವತ್ತು ದಾಟಿದ ಇಂಗ್ಲೆಂಡಿನವರು, ದೊಡ್ಡ ಹುದ್ದೆ. ದೊಡ್ಡ ಹುದ್ದೆಯವರು ಡಬ್ಬಿ ಹಿಡಿದುಕೊಂಡು ನಮ್ಮ ಪ್ಯಾಂಟ್ರಿಗೆ ಯಾಕೆ ಬರಬೇಕು ಎಂದು ಮೊದಮೊದಲು ನನಗೆ ಸಂಶಯ ಇತ್ತು. ಆಮೇಲೆ ಗೊತ್ತಾಯಿತು, ಅವರ ಡಬ್ಬಿಯೂ ಅವರೇ ಕಟ್ಟಿಕೊಂಡು ತರುವುದು. ಎರಡು ತುಂಡು ಬ್ರೆಡ್ಡು, ನಡುವೆ ಚೀಸು, ಸೌತೆಕಾಯಿ. ನನ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ನೋಡಿ ಅವರ ಮುಖದಲ್ಲಿ ಒಂದು ಆಸೆ, ಮೂಗಿನಲ್ಲಿ ಒಂದು ಹೆದರಿಕೆ. ಹೀಗೆ ಎರಡು ವರ್ಷದಿಂದ ಎದುರುಬದುರು ಕೂತು ಉಣ್ಣುತ್ತಿದ್ದೇವೆ.

ಅವರ ಹೆಂಡತಿ ಹೆಲೆನ್ ಇರುವುದು ಇಂಗ್ಲೆಂಡಿನ ಯಾವುದೋ ಮೂಲೆಯ ಹಳ್ಳಿಯಲ್ಲಿ. ಒಂದು ಚರ್ಚು, ಒಂದು ಪಬ್ಬು, ಮನುಷ್ಯರಿಗಿಂತ ಹೆಚ್ಚು ಕುರಿಗಳು. ಕಳೆದ ಚಳಿಗಾಲದಲ್ಲಿ ಅಲ್ಲಿಗೆ ಬರುತ್ತಿದ್ದ ಒಂದೇ ಒಂದು ಬಸ್ಸನ್ನು ನಿಲ್ಲಿಸಿದರಂತೆ. ಹೆಲೆನಮ್ಮನಿಗೆ ಸಿಟ್ಟು ಬಂತು. ನಮ್ಮಲ್ಲಾದರೆ ಬಸ್ಸಿಗೆ ಅಡ್ಡ ಕೂರಬಹುದಿತ್ತು, ಅಲ್ಲಿ ಬಸ್ಸೇ ಇಲ್ಲವಲ್ಲ, ಅದಕ್ಕೆ ಜಿಲ್ಲಾ ಕೌನ್ಸಿಲಿನ ಚುನಾವಣೆಗೆ ಪಕ್ಷೇತರರಾಗಿ ನಿಂತುಬಿಟ್ಟರು. ಹೆಸರಿಗೆ ಜಿಲ್ಲೆ, ಕೇಳಿದರೆ ಎಲ್ಲ ನಮ್ಮ ಪಂಚಾಯಿತಿ ವಿಷಯವೇ. ಕಸದ ಗಾಡಿ ಬಂತಾ, ಚರಂಡಿ ತುಂಬಿತಾ, ಯಾರ ಬೇಲಿ ರಸ್ತೆಗೆ ಬಂತು. ಗಂಡ ಹೆಂಡತಿ ನಡುವೆ ಒಂದು ಕರಾರು ಆಗಿತ್ತು. ಸೋತರೆ ಹೆಲೆನಮ್ಮ ಮನೆಗೆ ಬೀಗ ಹಾಕಿ ದೋಹಾಕ್ಕೆ ಬರುವುದು, ಜೆಫ್ರಿಯ ಕೆಲಸ ಮುಗಿಯುವ ತನಕ ಇಲ್ಲೇ ಇರುವುದು. ಗೆದ್ದರೆ ಅಲ್ಲೇ. ಇದನ್ನು ಹೇಳಿ ಜೆಫ್ರಿ, ಅವಳು ಗೆಲ್ಲಲಿ ಭಾಸ್ಕರ್, ಅವಳಿಗೆ ಅದು ಬೇಕು ಅಂದರು. ಅಂದು ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚಿದರು.

ಚುನಾವಣೆ ಎಂದ ಕೂಡಲೇ ನಾನು ಸುಮ್ಮನಿರುತ್ತೇನೆಯೇ? ಕಾಲೇಜಿನ ದಿನಗಳಲ್ಲಿ ವಿಧಾನಸಭೆ ಚುನಾವಣೆಯ ಜೀಪಿನಲ್ಲಿ ಮೈಕು ಹಿಡಿದು ಕೂತವನು ನಾನು. ಗಂಟಲು ಹೋದದ್ದಕ್ಕೆ ನಮ್ಮ ಅಭ್ಯರ್ಥಿ ಸ್ವತಃ ಬೆಲ್ಲ ನೀರು ಕೊಟ್ಟಿದ್ದರು. ಆ ಅನುಭವವನ್ನೆಲ್ಲ ಜೆಫ್ರಿಯ ಮುಂದೆ ಸುರಿದೆ. ಜೀಪಿಗೆ ಮೈಕು ಕಟ್ಟಲಿ, ಮನೆಮನೆಗೆ ಹೋದಾಗ ಮೊದಲು ಮಗಳ ಬಾಣಂತನ ಆಯಿತಾ, ದನ ಕರು ಹಾಕಿತಾ ಎಂದು ಕೇಳಲಿ, ಓಟಿನ ವಿಷಯ ಗೇಟಿನ ಹತ್ತಿರ ಹೊರಡುವಾಗ ಹೇಳಲಿ ಅಂದೆ. ಜೆಫ್ರಿ ಎಲ್ಲವನ್ನೂ ಗಂಭೀರವಾಗಿ ಕೇಳಿಕೊಂಡರು. ಹೆಲೆನಮ್ಮ ಮಾಡುತ್ತಿದ್ದದ್ದು ಒಂದೇ ಕೆಲಸವಂತೆ. ಒಬ್ಬರೇ ನಡೆದುಕೊಂಡು ಹೋಗಿ ಬಾಗಿಲಿನ ಟಪಾಲು ತೂತಿನಲ್ಲಿ ಒಂದು ಕಾಗದ ತುರುಕಿ, ನಾಯಿ ಬೊಗಳಿದರೆ ಓಡುವುದು. ಅವರಿಗೆ ಓಟು ಹಾಕುವವರೆಲ್ಲ ಬಸ್ಸಿಲ್ಲದ ಮುದುಕ ಮುದುಕಿಯರು, ಊರ ಹಾಲ್‌ಗೆ ನಡೆದೇ ಬರಬೇಕು, ಮಳೆ ಬಂದರೆ ಒಬ್ಬರೂ ಹೊರಬೀಳುವುದಿಲ್ಲ ಎಂದು ಜೆಫ್ರಿ ಚಿಂತೆ ಮಾಡಿದರು. ನಾನು ಅದನ್ನು ಚಿಂತೆ ಎಂದೇ ತಿಳಿದುಕೊಂಡೆ.

ಒಂದು ವಾರಾಂತ್ಯ ಅವರು ನನ್ನನ್ನು ಕರೆದುಕೊಂಡು ಹೋಗಿ ಎರಡು ಬೆತ್ತದ ಕುರ್ಚಿ ಕೊಂಡರು. ಅಲ್ ಗರಾಫಾದ ಅವರ ಫ್ಲ್ಯಾಟಿನ ಬಾಲ್ಕನಿಗೆ ಇಬ್ಬರೂ ಸೇರಿ ಹೊತ್ತು ತಂದೆವು. ಒಂದರ ಪ್ಲಾಸ್ಟಿಕ್ ಹರಿದು ಅವರು ಕೂತರು, ಇನ್ನೊಂದನ್ನು ಹಾಗೇ ಇಟ್ಟರು. ಕೈ ತೊಳೆಯಲು ಒಳಗೆ ಹೋದಾಗ ಬಾಗಿಲು ತೆರೆದಿದ್ದ ಕಪಾಟು ಕಂಡಿತು. ಬಟ್ಟೆಯನ್ನೆಲ್ಲ ಒಂದು ಬದಿಗೆ ಒತ್ತಿ, ಅರ್ಧ ಕಪಾಟು ಖಾಲಿ ಮಾಡಿಟ್ಟಿದ್ದರು. ನನ್ನ ಕಪಾಟಿನಲ್ಲೂ ಅಂಥದೊಂದು ಜಾಗ ಇತ್ತು, ಕಳೆದ ವರ್ಷ ಅಲ್ಲಿ ಅಕ್ಕಿ ಚೀಲ ಇಟ್ಟೆ.

ಆ ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ನಾನು ನಮ್ಮ ಮನೆಯ ದೈವಕ್ಕೆ ಒಂದು ತಂಬಿಲ ಪೂಜೆಯ ಹರಕೆ ಹೇಳಿಕೊಂಡೆ. ಹೆಲೆನಮ್ಮ ಸೋಲಲಿ ಎಂದು. ಮಕ್ಕಳು ಪಾಸಾಗಲಿ, ವೀಸಾ ಸಿಗಲಿ, ಕಳೆದುಹೋದ ದನ ಸಿಗಲಿ ಎಂದು ಹರಕೆ ಹೇಳುವುದು ಉಂಟು. ಕಂಡು ಗೊತ್ತಿಲ್ಲದ ಹೆಂಗಸೊಬ್ಬಳು ಚುನಾವಣೆಯಲ್ಲಿ ಸೋಲಲಿ ಎಂದು ಕತಾರಿನ ಬಸ್ಸಿನಲ್ಲಿ ಕೂತು ತುಳುನಾಡಿನ ದೈವಕ್ಕೆ ಹರಕೆ ಹೇಳಿದವನು ನಾನೊಬ್ಬನೇ ಇರಬೇಕು. ಇಂಗ್ಲೆಂಡು ದೈವದ ಸರಹದ್ದಿಗೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಇತ್ತು. ಹೆಲೆನಮ್ಮ ಬಂದರೆ ಮಧ್ಯಾಹ್ನ ನನ್ನ ಎದುರು ಕೂರುವವರು ಯಾರು ಎಂದೂ ಒಮ್ಮೆ ಅನ್ನಿಸಿತು. ಆದರೂ ಹೇಳಿಕೊಂಡೆ.

ಅಲ್ಲಿ ಓಟು ಬಿದ್ದದ್ದು ಗುರುವಾರ, ಎಣಿಕೆ ಶುಕ್ರವಾರ. ಶುಕ್ರವಾರ ನಮಗೆ ರಜೆ. ರಜೆಯೆಂದರೆ ಬಟ್ಟೆ ಒಗೆಯುವುದು, ಮಲಗುವುದು, ಎದ್ದು ಗೋಡೆ ನೋಡುವುದು. ಮಧ್ಯಾಹ್ನ ಕಳೆದು ಜೆಫ್ರಿಯಿಂದ ಮೆಸೇಜು ಬಂತು. ಎಣಿಕೆ ಮುಗಿಯಿತು, ಹೆಲೆನ್ ಎರಡನೆಯವಳು. ಅಷ್ಟೇ ಇತ್ತು. ನಾನು ಮಂಚದ ಮೇಲೆ ಎದ್ದು ಕೂತೆ. ದೈವದ ಸರಹದ್ದು ಇಷ್ಟು ದೂರ ಉಂಟೆಂದು ನನಗೆ ಗೊತ್ತಿರಲಿಲ್ಲ. ಒಳಗೊಳಗೇ ಕುಣಿದಾಡುವಷ್ಟು ಖುಷಿ. ಆದರೆ ಖುಷಿ ತೋರಿಸುವ ಹಾಗಿಲ್ಲ, ಹೋಗಬೇಕಾದದ್ದು ಹೆಂಡತಿ ಚುನಾವಣೆ ಸೋತ ಗಂಡನ ಮನೆಗೆ ಅಲ್ಲವೇ? ಕೆಳಗೆ ಹೋಗಿ ಇಸ್ಮಾಯಿಲ್ ಬ್ಯಾರಿಗಳ ಹತ್ತಿರ ವಿಷಯ ಹೇಳಿ, ಏನು ತೆಗೆದುಕೊಂಡು ಹೋಗಲಿ ಎಂದು ಕೇಳಿದೆ. ಸೋತವರ ಮನೆಗೆ ಸಿಹಿ ಒಯ್ದರೆ ಕುಚೋದ್ಯ ಆಗುತ್ತದೆ, ಬರಿಗೈಯಲ್ಲಿ ಹೋದರೆ ಚಂದ ಅಲ್ಲ. ಅವರು ಸ್ವಲ್ಪ ಯೋಚಿಸಿ ಬಿಸಿ ಮಂಗಳೂರು ಬನ್ಸ್ ಕಟ್ಟಿಕೊಟ್ಟರು. ಇದು ಸಿಹಿ ಅಂದರೆ ಸಿಹಿ, ಅಲ್ಲ ಅಂದರೆ ಅಲ್ಲ, ಸೋಲಿಗೂ ಆಗ್ತದೆ, ಗೆಲುವಿಗೂ ಆಗ್ತದೆ ಅಂದರು. ಆ ಮನುಷ್ಯ ನನಗಿಂತ ದೊಡ್ಡ ರಾಜಕೀಯ ಪಂಡಿತ.

ಜೆಫ್ರಿ ಬಾಗಿಲು ತೆಗೆದಾಗ ಅವರ ಮುಖ ನಾನು ಅಂದುಕೊಂಡ ಹಾಗೆಯೇ ಬಾಡಿತ್ತು. ನಾನೂ ಮುಖ ಸಣ್ಣದು ಮಾಡಿದೆ. ಸೋಫಾದಲ್ಲಿ ಕೂತು, ದಾರಿಯಲ್ಲಿ ತಯಾರು ಮಾಡಿಕೊಂಡು ಬಂದ ಭಾಷಣ ಸುರು ಮಾಡಿದೆ. ಸೋಲು ಗೆಲುವು ಇದ್ದದ್ದೇ, ಎಂಥೆಂಥ ಘಟಾನುಘಟಿಗಳೇ ಸೋತಿದ್ದಾರೆ, ಪಕ್ಷೇತರಳಾಗಿ ಮೈಕಿಲ್ಲದೆ ಎರಡನೆಯವಳಾಗಿ ಬಂದದ್ದು ಸಣ್ಣ ಮಾತಲ್ಲ ಅಂದೆ. ಇನ್ನು ಮೇಡಂ ಇಲ್ಲಿಗೇ ಬರುತ್ತಾರಲ್ಲ, ಕಡಲ ಬದಿಯ ಕಾರ್ನೀಶಿನಲ್ಲಿ ಸಂಜೆ ನಡೆಯಬಹುದು, ಸೂಕ್ ಬಜಾರು ತೋರಿಸಲು ನಾನಿದ್ದೇನೆ, ಮೀನು ಕೊಳ್ಳುವುದನ್ನು ನಾನೇ ಕಲಿಸುತ್ತೇನೆ ಅಂದೆ. ಜೆಫ್ರಿ ಬನ್ಸಿನ ಪೊಟ್ಟಣ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಹೇಳಿದರು.

"ಭಾಸ್ಕರ್, ಅವಳು ಗೆದ್ದಿದ್ದಾಳೆ. ನಮ್ಮ ವಾರ್ಡಿನಲ್ಲಿ ಎರಡು ಸೀಟು."

ನನ್ನ ಜೀಪು, ಮೈಕು, ಬೆಲ್ಲ ನೀರು ಎಲ್ಲ ಅಲ್ಲಿಗೆ ಖಲಾಸ್. ಮೊದಲ ಇಬ್ಬರೂ ಗೆದ್ದ ಹಾಗೆಯಂತೆ, ಮೂರನೆಯವನು ಬೆರಳೆಣಿಕೆಯ ಓಟಿನಲ್ಲಿ ಸೋತನಂತೆ. ಕಂಗ್ರಾಜುಲೇಷನ್ಸ್ ಅಂದೆ. ನನ್ನ ಮುಖ ಇನ್ನೂ ಸಾವಿನ ಮನೆಗೆ ಹೋದವನ ಹಾಗೆಯೇ ಇತ್ತು, ಅದನ್ನು ಬದಲಾಯಿಸಲು ಪುರುಸೊತ್ತು ಸಿಗಲಿಲ್ಲ. ಅವರು ಥ್ಯಾಂಕ್ಯೂ, ನನಗೆ ತುಂಬ ಹೆಮ್ಮೆ ಅಂದರು. ಅವರ ಮುಖವೂ ಹಾಗೆಯೇ ಇತ್ತು. ನೀವಾದರೂ ಓಟು ಹಾಕಿದ್ದೀರಾ ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ. ಅವರಿಗೂ ಅಲ್ಲಿ ಓಟಿಲ್ಲವಂತೆ. ಊರು ಬಿಟ್ಟು ಹೊರಗೆ ಇರುವವರಿಗೆ ಊರಿನ ಕಸ, ಚರಂಡಿಯ ಚುನಾವಣೆಯಲ್ಲಿ ಹಕ್ಕಿಲ್ಲವಂತೆ. ನ್ಯಾಯವೇ, ಆ ಚರಂಡಿ ವಾಸನೆ ನಮಗೆ ಬರುವುದಿಲ್ಲವಲ್ಲ.

ನನಗೆ ತಡೆಯಲಾಗಲಿಲ್ಲ, ಹರಕೆಯ ವಿಷಯ ಹೇಳಿಬಿಟ್ಟೆ. ನಮ್ಮ ಮನೆಯ ದೈವಕ್ಕೆ ಹೀಗೆ ಹೀಗೆ ಹೇಳಿಕೊಂಡಿದ್ದೆ, ನಿಮ್ಮ ಹೆಂಡತಿ ಸೋಲಲಿ ಎಂದು, ಕ್ಷಮಿಸಬೇಕು ಅಂದೆ. ಜೆಫ್ರಿ ನಗಲು ಸುರು ಮಾಡಿದರು. ನಕ್ಕು ನಕ್ಕು ಕೆಮ್ಮಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಒರೆಸುವುದು ನಗು ನಿಂತ ಮೇಲೂ ಮುಗಿಯಲಿಲ್ಲ.

"ಮಳೆ ಕೇಳಬಾರದಿತ್ತೇ?" ಅಂದರು. "ನಿನ್ನೆ ಇಡೀ ದಿನ ಫೋನಿನಲ್ಲಿ ನಮ್ಮ ಹಳ್ಳಿಯ ಹವಾಮಾನ ನೋಡುತ್ತಾ ಕೂತಿದ್ದೆ. ಒಂದು ಹನಿಯೂ ಬೀಳಲಿಲ್ಲ."

ಆಮೇಲೆ ಅವರು ಎದ್ದು ಬಾಲ್ಕನಿಗೆ ಹೋಗಿ ಎರಡನೇ ಕುರ್ಚಿಯ ಪ್ಲಾಸ್ಟಿಕನ್ನು ಪರಪರನೆ ಹರಿದು, ಕೂರು ಅಂದರು. ಮೇ ತಿಂಗಳ ಸಂಜೆ, ಬೆತ್ತವೂ ಕಾದಿತ್ತು. ಅದು ನನ್ನ ಕುರ್ಚಿಯಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಕೂತೆ. ಬೆವರು ಇಳಿಸುತ್ತಾ ಬನ್ಸ್ ತಿಂದೆವು. ಇದಕ್ಕೆ ಏನು ಹಾಕುತ್ತಾರೆ ಎಂದು ಕೇಳಿದರು, ಬಾಳೆಹಣ್ಣು ಅಂದೆ.

ರೂಮಿಗೆ ಬಂದು ಪ್ರಮೀಳಾಗೆ ಫೋನ್ ಮಾಡಿ ಎಲ್ಲವನ್ನೂ ರಂಗುರಂಗಾಗಿ ಹೇಳಿದೆ. ನಾನು ಸಂತಾಪ ಸೂಚಿಸಿದ ಭಾಗದಲ್ಲಿ ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಎರಡು ಸೀಟು ಇದ್ದರೆ ಇಬ್ಬರು ಗೆಲ್ಲುವುದಪ್ಪ, ಅದರಲ್ಲಿ ಎಂತ ಆಶ್ಚರ್ಯ ಅಂದಳು. ನಮ್ಮ ಪಂಚಾಯಿತಿಯಲ್ಲೂ ಹಾಗೆಯೇ ಅಲ್ಲವಾ, ನಮ್ಮ ವಾರ್ಡಿಗೆ ಮೂರು ಸೀಟು, ಪ್ರತಿ ಸಲ ಮೂರು ಓಟು ಹಾಕಿ ಬರ್ತೇನೆ ನಾನು ಅಂದಳು.

"ನೀವು ಇಲ್ಲಿ ಪಂಚಾಯಿತಿಗೆ ಓಟು ಹಾಕಿ ಎಷ್ಟು ವರ್ಷ ಆಯ್ತು?"

ನೆನಪು ಮಾಡಿಕೊಂಡೆ. ಒಮ್ಮೆಯೂ ಹಾಕಿಲ್ಲ. ಕಾಲೇಜಿನಲ್ಲಿದ್ದಾಗ ಅದು ಸಣ್ಣ ಚುನಾವಣೆ, ಜೀಪಿಲ್ಲ, ಮೈಕಿಲ್ಲ ಎಂದು ಬಿಟ್ಟೆ, ಆಮೇಲೆ ಇಲ್ಲಿಗೆ ಬಂದೆ. ಇಂಗ್ಲೆಂಡಿನವನ ಮುಂದೆ ಇಡೀ ದೇಶದ ಚುನಾವಣೆ ಬಿಚ್ಚಿಟ್ಟ ನನಗೆ ನನ್ನ ಸ್ವಂತ ಮನೆ ಇರುವ ವಾರ್ಡಿಗೆ ಎಷ್ಟು ಸೀಟು ಎಂದು ಗೊತ್ತಿರಲಿಲ್ಲ. ಅವಳೇ ಮಾತು ಮುಂದುವರಿಸಿದಳು. ಮುಂದಿನ ಸಲ ಮಹಿಳಾ ಸೀಟಿಗೆ ನಿಲ್ಲಿ ಎಂದು ಸಂಘದವರು ಒತ್ತಾಯ ಮಾಡುತ್ತಿದ್ದಾರಂತೆ. ಗಂಡನ ಹತ್ತಿರ ಕೇಳಿ ಹೇಳ್ತೇನೆ ಅಂದಿದ್ದಾಳಂತೆ. ಅವಳ ದನಿಯಲ್ಲಿ ಒಂದು ಉತ್ಸಾಹ ಇತ್ತು, ಮದುವೆಯಾದ ಹೊಸತರಲ್ಲಿ ಕೇಳಿದ್ದು.

ನನ್ನ ಕಣ್ಣು ಕಪಾಟಿನ ಅಕ್ಕಿ ಚೀಲದ ಮೇಲೆ ಬಿತ್ತು. "ನಿಲ್ಲು. ನಿಂತರೆ ಗೆಲ್ತೀಯ," ಅಂದೆ.

ಮನಸ್ಸಿನಿಂದ ಹೇಳ್ತಾ ಇದ್ದೀರಾ ಎಂದು ಕೇಳಿದಳು. ಹೌದು ಮಾರಾಯ್ತಿ, ನನಗೆ ಹೆಮ್ಮೆ ಅಲ್ಲವಾ ಅಂದೆ. ನಾನು ಗೆಲ್ಲುತ್ತಾರೆ ಎಂದವರು ಸೋಲುವುದೇ ವಾಡಿಕೆ, ಆ ಒಂದು ಧೈರ್ಯವೂ ಇತ್ತು. ಆದರೆ ಸೋಲಲಿ ಎಂದು ಹರಕೆ ಹೇಳಿದರೂ ಹೆಲೆನಮ್ಮ ಗೆದ್ದದ್ದು ನೆನಪಾಗಿ ಧೈರ್ಯ ಇಳಿಯಿತು. ಫೋನಿಟ್ಟ ಮೇಲೆ ಇವಳ ಸೋಲಿಗೂ ಹರಕೆ ಹೇಳೋಣವೆಂದರೆ, ದೈವ ಇರುವುದು ಅವಳು ದೀಪ ಹಚ್ಚುವ ಮನೆಯಲ್ಲಿ. ಅದು ಅವಳ ಮಾತು ಬಿಟ್ಟು ನನ್ನ ಮಾತು ಕೇಳುವ ಸಂಭವ ಕಡಿಮೆ. ಮಳೆ ಕೇಳೋಣವೇ ಎಂದು ಯೋಚಿಸಿದೆ. ಅದರಿಂದಲೂ ಪ್ರಯೋಜನವಿಲ್ಲ ಮಾರಾಯ್ರೆ. ನಮ್ಮ ಕಡೆಯವರು ಎಂಥ ಮಳೆಗೂ ಕೊಡೆ ಬಿಡಿಸಿಕೊಂಡು ಹೋಗಿ ಓಟು ಹಾಕಿ ಬರುವವರು.